ಚೇಂಬರ್ ಬಾಗಿಲು ಹಾಕುವ ಮುಂಚೆ

ನೌಕಾಪಡೆಯ ವೈದ್ಯಕೀಯ ವಿಭಾಗದಲ್ಲಿದ್ದಾಗ ಪೇಷಂಟ್ ಜೊತೆ ಚೇಂಬರ್, ಅಂದರೆ ಗಾಳಿಯ ಒತ್ತಡ ಏರಿಸಿ ಆಕ್ಸಿಜನ್ ಕೊಡುವ ಮುಚ್ಚಿದ ಕೋಣೆ, ಅದರೊಳಗೆ ಕೂರೋದು ನನ್ನ ಡ್ಯೂಟಿ. ಡೈವರ್‌ಗಳು ಆಳದಿಂದ ಗಡಿಬಿಡಿಯಲ್ಲಿ ಮೇಲೆ ಬಂದರೆ ರಕ್ತದಲ್ಲಿ ನೈಟ್ರೋಜನ್ ಗುಳ್ಳೆ ಏಳುತ್ತವೆ. ಕೀಲು ಹಿಡಿಯುತ್ತದೆ, ಕಾಲು ಜೋಮು ಬರುತ್ತದೆ. ಅಂಥವರನ್ನು ಚೇಂಬರ್‌ನಲ್ಲಿ ಮತ್ತೆ 18 ಮೀಟರ್ ಆಳದ ಒತ್ತಡಕ್ಕೆ ಒಯ್ಯುತ್ತಿದ್ದೆವು. ಇದಕ್ಕೆ ಅಮೆರಿಕ ನೌಕಾಪಡೆಯ ಚಿಕಿತ್ಸೆಯ ವೇಳಾಪಟ್ಟಿ ಟೇಬಲ್ 6 ಅಂದರೆ 4 ಗಂಟೆ 45 ನಿಮಿಷ. ಆ ಆಳದಲ್ಲಿ 20 ನಿಮಿಷ ಮಾಸ್ಕ್‌ನಲ್ಲಿ ಆಕ್ಸಿಜನ್, 5 ನಿಮಿಷ ಬರೀ ಗಾಳಿ. ಆಕ್ಸಿಜನ್ ಜಾಸ್ತಿಯಾದರೆ ಫಿಟ್ಸ್ ಬರಬಹುದು. ಅದಕ್ಕೇ ಪೇಷಂಟ್‌ನ ತುಟಿ ಅದುರುತ್ತದಾ ಅಂತ ನೋಡುತ್ತಾ ಕೂರಬೇಕು.

ನಿವೃತ್ತಿಯಾಗಿ ಬೆಳಗಾವಿಗೆ ಬಂದ ಮೇಲೂ ಅದೇ ಕೆಲಸ ಹಿಡಿದೆ. ಇಲ್ಲಿ ಡೈವರ್ ಎಲ್ಲಿ ಬರಬೇಕು? ಬರುವವರೆಲ್ಲ ಶುಗರ್‌ನಿಂದ ಕಾಲು ಹುಣ್ಣಾದವರು. ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಇರುವ ಊರಲ್ವಾ, ಮಾಜಿ ಸೈನಿಕರೂ ಬರುತ್ತಾರೆ. ಇವರಿಗೂ ಆಕ್ಸಿಜನ್ನೇ ಮದ್ದು, ಆದರೆ ಅಷ್ಟು ಒತ್ತಡ ಬೇಡ. ಹೊರಗಿನ ಗಾಳಿಯ 2.4 ಪಟ್ಟು, ಸುಮಾರು 90 ನಿಮಿಷ, ವಾರಗಟ್ಟಲೆ.

ನನ್ನ ನಿಜವಾದ ಕೆಲಸ ಬಾಗಿಲು ಹಾಕುವ ಮುಂಚೆಯೇ. ಆಕ್ಸಿಜನ್ ಇರುವಲ್ಲಿ ಒಂದು ಕಿಡಿ ಸಾಕು. ಹತ್ತಿ ಬಟ್ಟೆ ಮಾತ್ರ. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದರೆ ವಾಪಸ್. "ನಾ ಸುಬೇದಾರ ಆಗಿದ್ದಾಂವ, ನನ್ನ ಕಿಸೆ ತಪಾಸ್ ಮಾಡ್ತೀ?" ಅಂತ ಅಜ್ಜಾರೊಬ್ಬರು ಗದರಿದರು. ಕಿಸೆಯಿಂದ ಕಡ್ಡಿಪೆಟ್ಟಿಗೆ ಬಂತು. ಆಮೇಲೆ ಅವರೇ ಉಳಿದವರ ಕಿಸೆ ನೋಡೋಕೆ ಶುರು ಮಾಡಿದರು! ಶುಗರ್ ಕೂಡ ನೋಡುತ್ತೇನೆ, ಒಳಗೆ ಇಳಿದುಬಿಡುತ್ತದೆ. ಕಡಿಮೆ ಇದ್ದರೆ ಮೊದಲು ಊಟ.

ಒತ್ತಡ ಏರುವಾಗ ಒಳಗೆ ಸೆಕೆ, ಇಳಿಯುವಾಗ ತಂಪು, ಒಮ್ಮೊಮ್ಮೆ ಮಂಜು ಕೂಡ. ಚೋರ್ಲಾ ಘಾಟ್ ಇಳಿಯುವಾಗ ಆಗುವ ಹಾಗೆ ಕಿವಿ ಕಟ್ಟುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ ಮೆಲ್ಲಗೆ ಊದಬೇಕು. ನೋವು ಬಂದ ಮೇಲಲ್ಲ, ಮೊದಲೇ. ವಾಪಸ್ ಬರುವಾಗ ಉಸಿರು ಹಿಡಿಯಬಾರದು, ಎದೆಯೊಳಗಿನ ಗಾಳಿ ಹಿಗ್ಗುತ್ತದೆ.

ಮೆತ್ತನೆ ಚೀಲದಲ್ಲಿ ಮಲಗಿಸಿ ಮುಖದ ಸುಕ್ಕು ತೆಗೆಯುತ್ತೇವೆ ಅನ್ನುವವರೂ ಇದ್ದಾರೆ. ಅಲ್ಲಿ ಒತ್ತಡ ಹೊರಗಿನ ಗಾಳಿಯ 1.3 ಪಟ್ಟಿನ ಆಸುಪಾಸು ಅಷ್ಟೇ. ನನ್ನ ಕೇಳಿದರೆ ಸುಮ್ನೆ ದುಡ್ಡು ದಂಡ. ಹುಣ್ಣಿಗೂ ಚೇಂಬರ್ ಒಂದೇ ಸಾಲದು. ಕೊಳೆತ ಭಾಗ ಸರ್ಜನ್ ತೆಗೆಯಬೇಕು, ಡ್ರೆಸಿಂಗ್ ನಡೆಯುತ್ತಿರಬೇಕು.

"ಕಾಲಿನ ಹುಣ್ಣಿಗೆ ಎದಿ ಎಕ್ಸ್‌ರೇ ಯಾಕ್ರೀ?" ಅಂತ ಎಲ್ಲರೂ ಕೇಳುತ್ತಾರೆ. ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡಿದ್ದರೆ ಒತ್ತಡ ಇಳಿಯುವಾಗ ಜೀವಕ್ಕೇ ಕುತ್ತು. ಅದಕ್ಕೇ ಎಕ್ಸ್‌ರೇ ನೋಡದೆ ಯಾರನ್ನೂ ಒಳಗೆ ಬಿಡೋದಿಲ್ಲ, ಸುಬೇದಾರರಾದರೂ ಸರಿ.