ಪದವಿನ ಮನೆಯಲ್ಲಿ ಡ್ರಮ್ಮಿನ ಹಣ್ಣಿನ ಗಿಡಗಳು

ನಮ್ಮ ಮನೆ ಇರುವುದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಪದವಿನ (ಗುಡ್ಡದ ಮೇಲಿನ ಕಲ್ಲು ಬಯಲಿನ) ಮೇಲೆ. ಅಂಗಳದಲ್ಲಿ ಪಿಕ್ಕಾಸು ಹಾಕಿದರೆ ಒಂದು ಗೇಣು ಮಣ್ಣು, ಅದರ ಕೆಳಗೆ ಬರೀ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು. ಕೆಳಗಿನ ತೋಟದಲ್ಲಿ ಅಡಿಕೆ, ತೆಂಗು ಚೆನ್ನಾಗಿಯೇ ಇವೆ. ಆದರೆ ಹಣ್ಣಿನ ಗಿಡ ಮನೆ ಬಾಗಿಲಲ್ಲೇ ಇರಬೇಕು, ಮಕ್ಕಳು ಕೈಚಾಚಿ ಕೊಯ್ಯಬೇಕು ಅಂತ ನನ್ನ ಆಸೆ. ಹಾಗಾಗಿ ಡ್ರಮ್ಮಿನಲ್ಲಿ ಬೆಳೆಸುತ್ತಿದ್ದೇನೆ. ಲಿಂಬೆ, ಪೇರಳೆ (ಸೀಬೆ), ಚಿಕ್ಕು ಮೂರೂ ಇವೆ. ಡ್ರಮ್ಮಿಗೆ ಬೀಜದ ಗಿಡ ಬೇಡ, ಕಸಿಯದ್ದೋ ಗೂಟಿಯದ್ದೋ (ಮರದಲ್ಲೇ ಕೊಂಬೆಗೆ ಬೇರು ಬರಿಸಿ ತೆಗೆದದ್ದು) ಆಗಬೇಕು. ಬೇಗ ಫಲ ಕೊಡುತ್ತದೆ, ಆಳಿನೆತ್ತರಕ್ಕೆ ಸವರಿ ಇಟ್ಟುಕೊಳ್ಳಬಹುದು.

ಕುಂಡದ ಗಿಡ ಎಂದರೆ ಎಲ್ಲರೂ ನೀರು ಹಾಕುವುದನ್ನೇ ಹೇಳುತ್ತಾರೆ. ಕಾಸರಗೋಡಿನಲ್ಲಿ ಅದಕ್ಕಿಂತ ದೊಡ್ಡ ಕೆಲಸ ನೀರು ಹೊರಗೆ ಹಾಕುವುದು. ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ವಿಶೇಷ ದಿನ) ಕಳೆದು ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್ ತನಕ ಬಿಡುವಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಊರು ನಮ್ಮದು. ಬೇರು ನೀರಲ್ಲಿ ನಿಂತರೆ ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವುದರೊಳಗೆ ಗಿಡ ಕೊಳೆಯುತ್ತದೆ.

200 ಲೀಟರಿನ ನೀಲಿ ಡ್ರಮ್ಮನ್ನು ಅಡ್ಡಕ್ಕೆ ಕೊಯ್ದರೆ ಎರಡು ಗಿಡಕ್ಕಾಯಿತು. ತಳಕ್ಕೆ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು ಹೊಡೆಯುತ್ತೇನೆ. ತಳದಿಂದ ಎರಡು ಇಂಚು ಮೇಲೆ ಸುತ್ತಲೂ ಇನ್ನಷ್ಟು ತೂತು. ತಳದ್ದು ಕಟ್ಟಿಹೋದರೂ ಬದಿಯಿಂದ ನೀರು ಇಳಿಯಬೇಕು. ಡ್ರಮ್ಮನ್ನು ಮುರಕಲ್ಲಿನ ತುಂಡುಗಳ ಮೇಲೆ ಕೂರಿಸುತ್ತೇನೆ. ನೆಲಕ್ಕೆ ತಾಗಿಸಿದರೆ ತೂತು ಮಾಡಿ ಏನು ಪ್ರಯೋಜನ? ತಾರಸಿಯಲ್ಲಿ ಇಡುವವರು ತೊಲೆಯ ನೇರಕ್ಕೇ ಇಡಿ. ಒದ್ದೆ ಮಣ್ಣು ತುಂಬಿದ ಅರ್ಧ ಡ್ರಮ್ಮು ಒಂದು ಕ್ವಿಂಟಾಲಿಗಿಂತ ಜಾಸ್ತಿ ತೂಗುತ್ತದೆ.

ತಳಕ್ಕೆ ತೆಂಗಿನ ಸಿಪ್ಪೆ. ತೆಂಗಿನ ಗುಂಡಿಗೆ ಸಿಪ್ಪೆ ಹಾಕುವಾಗ ನೀರು ಹಿಡಿಯಲಿ ಅಂತ ಅಂಗಾತ ಇಡುತ್ತೇವೆ. ಡ್ರಮ್ಮಿನಲ್ಲಿ ನಾನು ಕವುಚಿ ಹಾಕುತ್ತೇನೆ. ನೀರು ಬೆನ್ನಿನ ಮೇಲಿಂದ ಜಾರಿ ತೂತಿಗೆ ಹೋಗುತ್ತದೆ, ಮಣ್ಣು ಬಂದು ತೂತು ಕಟ್ಟುವುದಿಲ್ಲ.

ಇನ್ನು ಮಣ್ಣು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದೇ. ನಮ್ಮ ಕೆಂಪು ಮಣ್ಣು ಹುಳಿ. ಅದಕ್ಕೆ ಮೊದಲು ಅರ್ಧ ಗೆರಟೆ (ತೆಂಗಿನ ಚಿಪ್ಪು) ಸುಣ್ಣ ಬೆರೆಸಿ ಎರಡು ವಾರ ಬಿಡುತ್ತೇನೆ. ಸುಣ್ಣ, ಹಟ್ಟಿಗೊಬ್ಬರ ಒಟ್ಟಿಗೆ ಸೇರಿಸಬಾರದು, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಆಮೇಲೆ ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಸುಡುಮಣ್ಣು, ಒಂದು ಬುಟ್ಟಿ ಹಟ್ಟಿಗೊಬ್ಬರ, ಒಂದು ಬುಟ್ಟಿ ಹೊಯ್ಗೆ (ಮರಳು). ತೊಳೆದ ತೆಂಗಿನ ನಾರಿನ ಹುಡಿ ಅರ್ಧ ಬುಟ್ಟಿ ಸಾಕು. ಅದು ಜಾಸ್ತಿಯಾದರೆ ಮಳೆಗಾಲದಲ್ಲಿ ನೀರು ಬಿಡುವುದೇ ಇಲ್ಲ. ಸುಡುಮಣ್ಣು ಮಾತ್ರ ಬೇಸಗೆಯಲ್ಲೇ ಮಾಡಿಟ್ಟುಕೊಳ್ಳಬೇಕು. ತರಗೆಲೆ, ಪುಳ್ಳೆ, ಅದರ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ಒಳಗೊಳಗೇ ನಿಧಾನ ಉರಿಯುತ್ತದೆ. ತಣಿದ ಮೇಲೆ ಕೈಯಲ್ಲಿ ಹಿಡಿದರೆ ಹುಡಿಹುಡಿ. ಕಳೆಬೀಜ, ಹುಳ ಎಲ್ಲ ಹೋಗಿರುತ್ತದೆ, ಬೂದಿಯಲ್ಲಿ ಪೊಟ್ಯಾಶ್ ಇರುತ್ತದೆ. ಎರೆಗೊಬ್ಬರ ಬೇಕೆಂದರೆ ತೆಂಗಿನ ಗರಿಯಿಂದಲೇ ಆಗುತ್ತದೆ. ಅದರ ವಿಧಾನವನ್ನು ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ರೂಪಿಸಿ ಕೊಟ್ಟಿದೆ.

ಮಣ್ಣು ಮಗುಚಲು ದೊಡ್ಡ ಹಾರೆ (ಗುದ್ದಲಿ) ಬೇಕು, ಆದರೆ ಡ್ರಮ್ಮಿನೊಳಗೆ ಅದು ಬೇಡವೇ ಬೇಡ. ಅಂಗಡಿಯ ತಗಡಿನ ಕೈಸಲಕರಣೆ ಮುರಕಲ್ಲಿನ ಹರಳಿಗೆ ತಾಗಿದರೆ ಬಾಗುತ್ತದೆ. ತೇದುಹೋದ ಹಾರೆಯೊಂದನ್ನು ಕಮ್ಮಾರರಿಗೆ ಕೊಟ್ಟು ಅಂಗೈ ಅಗಲಕ್ಕೆ ಕೊಯ್ಯಿಸಿ, ಗಿಡ್ಡ ಹಿಡಿ ಹಾಕಿಸಿಕೊಂಡಿದ್ದೇನೆ. ಮಳೆ ಹೊಡೆದು ಹೆಪ್ಪುಗಟ್ಟಿದ ಮೇಲ್ಮಣ್ಣನ್ನು ಅದರಿಂದ ಸಡಿಲ ಮಾಡುವುದು ಸುಲಭ. ಲಿಂಬೆಗೆ ಅದೂ ಬೇಡ. ಅದರ ಬೇರು ಮೇಲೇ ಇರುತ್ತದೆ. ಬೆರಳಲ್ಲಿ ಕೆದಕಿ ತರಗೆಲೆ ಮುಚ್ಚಿದರೆ ಸಾಕು.

ಪೇರಳೆ ಏಪ್ರಿಲ್, ಮೇ ತಿಂಗಳಲ್ಲಿ ಬಿಟ್ಟ ಹೂವನ್ನು ನಾನು ಚಿವುಟುತ್ತೇನೆ. ಕರುಳು ಚುರುಕ್ ಅನ್ನುತ್ತದೆ ನಿಜ. ಆದರೆ ಮಳೆಗಾಲದ ಹಣ್ಣು ನೀರು ನೀರು, ಒಳಗೆಲ್ಲ ಹುಳ. ಗೆಲ್ಲಿನ (ಕೊಂಬೆಯ) ತುದಿಯನ್ನೂ ಸವರಿದರೆ ಹೊಸ ಚಿಗುರಲ್ಲಿ ಹೂ ಬಂದು ಚಳಿಗಾಲಕ್ಕೆ ಹಣ್ಣಾಗುತ್ತದೆ. ಆ ರುಚಿಯೇ ಬೇರೆ. ಎಂಡೋಸಲ್ಫಾನ್ ಕೀಟನಾಶಕದ ನೋವುಂಡ ಎಣ್ಮಕಜೆ ಪಂಚಾಯತಿನವರು ನಾವು. ಹುಳಕ್ಕೆ ವಿಷ ಹೊಡೆಯಲು ನನಗೆ ಮನಸ್ಸೇ ಬರುವುದಿಲ್ಲ. ಕಾಯಿಗೆ ಕಾಗದದ ಚೀಲ ಕಟ್ಟುತ್ತೇನೆ, ಉದುರಿದ್ದನ್ನು ಹೆಕ್ಕಿ ದೂರ ಹೂಳುತ್ತೇನೆ. ಅಡಿಕೆಗೆ ಮದ್ದು ಬಿಡುವ ದಿನ ಉಳಿದ ಶೇಕಡಾ 1ರ ಬೋರ್ಡೋ ದ್ರಾವಣವನ್ನು (ಮೈಲುತುತ್ತು, ಸುಣ್ಣ ಸೇರಿಸಿದ ರೋಗದ ಮದ್ದು) ಅಂದೇ ಲಿಂಬೆಯ ಎಲೆಗೂ ಬುಡಕ್ಕೂ ಸಿಂಪಡಿಸುತ್ತೇನೆ. ಕಜ್ಜಿ ರೋಗ ಹತೋಟಿಯಲ್ಲಿರುತ್ತದೆ.

ಬೇಸಗೆಗೆ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ನೀರೇ ಆಧಾರ. ಮಾರ್ಚ್ ನಂತರ ಅದೂ ಸಣಕಲು. ಸಂಜೆ ಮಾತ್ರ ಕೊಡುತ್ತೇನೆ, ಡ್ರಮ್ಮಿನ ಬಿಸಿಲು ಬೀಳುವ ಬದಿಗೆ ಒಣ ಸೋಗೆ ಕಟ್ಟುತ್ತೇನೆ. ಚಿಕ್ಕುವಿನ ಬೇರು ಈಗ ತೂತಿನಿಂದ ಹೊರಗೆ ಇಣುಕುತ್ತಿದೆ. ಮಳೆಯ ಜೋರು ಇಳಿದ ಮೇಲೆ ಗಿಡ ಎಬ್ಬಿಸಿ, ಸುತ್ತಲ ಬೇರು ಎರಡು ಇಂಚು ಸವರಿ, ಮೇಲಿನ ಗೆಲ್ಲನ್ನೂ ಅಷ್ಟೇ ಕಡಿಮೆ ಮಾಡಿ ಹೊಸ ಮಣ್ಣು ತುಂಬಬೇಕು. ಸುಡುಮಣ್ಣು ಎರಡು ಗೋಣಿ ತೆಗೆದಿಟ್ಟಿದ್ದೇನೆ.