ಆಷಾಢದ ಗಾಳಿಯಲ್ಲಿ ಕಲಿತು ಬೊರಾಕೈಯಲ್ಲಿ ಹಾರಿಸಿದ್ದು

ಪಟದ ಎಳೆತಕ್ಕೆ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಕೈಟ್‌ಸರ್ಫಿಂಗ್ ಕಲಿಯೋಕೆ ಮೊದಲು ಬೇಕಾಗುವುದು ಸಮುದ್ರವಲ್ಲ, ಬಯಲು. ಪಟ ಕೈಗೆ ಒಗ್ಗದೆ ದ್ವೀಪಕ್ಕೆ ಹೋದರೆ ಗಂಟೆ ಲೆಕ್ಕದ ಪಾಠದಲ್ಲಿ ಅರ್ಧಭಾಗ ಪಟವನ್ನು ಮೇಲೆ ನಿಲ್ಲಿಸುವುದರಲ್ಲೇ ಕರಗುತ್ತದೆ. ಆ ಅರ್ಧವನ್ನು ನಾನು ಮೈಸೂರಿನಲ್ಲೇ ಮುಗಿಸಿಕೊಂಡು ಫಿಲಿಪ್ಪೀನ್ಸ್‌ನ ಬೊರಾಕೈಗೆ ಹೋದೆ.

ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬೀಸುವ ಪಡುವಣ ಗಾಳಿ ಇದಕ್ಕೆ ಸಾಕು. ಕೊಂಡದ್ದು 2.5 ಚದರ ಮೀಟರ್‌ನ ಟ್ರೇನರ್ ಪಟ. ಕಡ್ಡಿಯಿಲ್ಲ, ಬಾಲಂಗೋಚಿಯಿಲ್ಲ, ಬಟ್ಟೆಯ ಗೂಡುಗಳಲ್ಲಿ ಗಾಳಿ ತುಂಬಿಕೊಂಡು ನಿಲ್ಲುತ್ತದೆ. ಎರಡು ಲೈನು, ಕೈಯಲ್ಲಿ ಹಿಡಿದು ಪಟ ತಿರುಗಿಸಲು ಒಂದು ಬಾರ್ (ಅಡ್ಡಕೋಲು). ಗಂಟೆಗೆ 15ರಿಂದ 22 ಕಿ.ಮೀ. ಗಾಳಿಯಲ್ಲಿ ಚೆನ್ನಾಗಿ ಏಳುತ್ತದೆ. ಜಾಗ ಮಾತ್ರ ನೋಡಿ ಆರಿಸಬೇಕು. ರಿಂಗ್ ರಸ್ತೆಯಾಚೆಯ ಮನೆ ಏಳದ ಬಡಾವಣೆಗಳು ಬಯಲಿನಂತೆ ಕಂಡರೂ, ಗಾಳಿ ಬರುವ ಕಡೆ ಒಂದು ಮೂರಂತಸ್ತಿನ ಕಟ್ಟಡವಿದ್ದರೆ ಅದರ ಎತ್ತರದ ಏಳೆಂಟು ಪಟ್ಟು ದೂರದವರೆಗೂ ಗಾಳಿ ಸುಳಿ ತಿರುಗುತ್ತಿರುತ್ತದೆ. ಅಲ್ಲಿ ಪಟ ಇದ್ದಕ್ಕಿದ್ದಂತೆ ಮಡಚಿ ಬೀಳುತ್ತದೆ, ತಪ್ಪು ನಿಮ್ಮ ಕೈಯದೆಂದು ನೀವು ಅಂದುಕೊಳ್ಳುತ್ತೀರಿ. ವಿದ್ಯುತ್ ತಂತಿ ಹತ್ತಿರವಿದ್ದರೆ ಬೇಡವೇ ಬೇಡ. ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತಮುತ್ತಲೂ ಬೇಡ. ಲೈನು ಕೈಯಲ್ಲಿ ಹಿಡಿಯಬಾರದು. ಮಾಂಜಾ ಇಲ್ಲದಿದ್ದರೂ ಎಳೆತ ಬಿದ್ದಾಗ ಬೆರಳು ಕುಯ್ಯುತ್ತದೆ.

ಗಾಳಿಗೆ ಬೆನ್ನು ಹಾಕಿ ನಿಂತು ಎದುರಿಗೆ ಒಂದು ಗಡಿಯಾರ ಇದೆ ಅಂದುಕೊಳ್ಳಿ. ನೆತ್ತಿಯ ಮೇಲೆ 12, ಎಡತುದಿ 9, ಬಲತುದಿ 3. ಈ ಅಂಚಿನಲ್ಲಿ ಪಟ ಸುಮ್ಮನಿರುತ್ತದೆ. ನಡುಭಾಗಕ್ಕೆ ಇಳಿದರೆ ಎಳೆಯುತ್ತದೆ. ಮೊದಲು 11 ಮತ್ತು 1ರ ನಡುವೆ ಸಾವಕಾಶವಾಗಿ ಓಡಾಡಿಸಿದೆ, ಆಮೇಲೆ ಇಂಗ್ಲಿಷ್ 8ರ ಆಕಾರದಲ್ಲಿ ಇಳಿಸಿ ಎತ್ತಿದೆ, ಕೊನೆಗೆ ಪಟದ ಕಡೆ ನೋಡದೆ, ಒಂದೇ ಕೈಯಲ್ಲಿ, ನಡೆಯುತ್ತಾ ಹಾರಿಸಿದೆ. ಈ ಕೊನೆಯದು ಬಂದರೆ ಮಾತ್ರ ಮುಂದಿನ ಹಂತ, ಏಕೆಂದರೆ ನೀರಿನಲ್ಲಿ ಕಣ್ಣು ಹಲಗೆಯ ಮೇಲಿರುತ್ತದೆ. ಹತ್ತು ಹನ್ನೆರಡು ಸಂಜೆ ಹಿಡಿಯಿತು. ದಾರಿಹೋಕರೆಲ್ಲ ‘ಪ್ಯಾರಾಚೂಟಾ ಸಾರ್?’ ಅಂತ ಕೇಳುತ್ತಾರೆ. ಹೌದು ಅಂದರೆ ಬೇಗ ಮುಗಿಯುತ್ತದೆ.

ಬೊರಾಕೈ ಏಳು ಕಿಲೋಮೀಟರ್ ಉದ್ದದ, ನಡು ಸಣ್ಣಗಾದ ದ್ವೀಪ. ಪಡುವಣ ದಡದ ಬಿಳಿ ಮರಳಿನ ವೈಟ್ ಬೀಚ್‌ನಿಂದ ಮೂಡಣದ ಬುಲಾಬೊಗ್‌ಗೆ ಸಣ್ಣ ನಡಿಗೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಅಮಿಹಾನ್ ಎಂಬ ಈಶಾನ್ಯ ಗಾಳಿ. ಅದು ಬುಲಾಬೊಗ್‌ನಲ್ಲಿ ಓರೆಯಾಗಿ ದಡದ ಕಡೆಗೆ ಬೀಸುತ್ತದೆ: ಕೈ ತಪ್ಪಿದರೂ ಮರಳಿಗೇ ಬಂದು ಬೀಳುತ್ತೀರಿ. ಅದೇ ಗಾಳಿ ವೈಟ್ ಬೀಚ್‌ನಲ್ಲಿ ದಡದಿಂದ ಕಡಲಿಗೆ ಬೀಸುತ್ತದೆ. ಅಲ್ಲಿ ನೀರು ಕನ್ನಡಿಯಂತೆ ಕಾಣುತ್ತದೆಂದು ಪಟ ಏರಿಸಿದರೆ ಹೋದ ದಾರಿಯಲ್ಲಿ ವಾಪಸಿಲ್ಲ. ಜೂನ್ ಹೊತ್ತಿಗೆ ಹಬಾಗಾತ್ ಎಂಬ ನೈಋತ್ಯ ಗಾಳಿ ತಿರುಗಿಕೊಂಡು ದೋಣಿಗಳೆಲ್ಲ ಬುಲಾಬೊಗ್‌ಗೆ ಬರುತ್ತವೆ. ಹೊಸಬರಿಗೆ ಆ ಕಾಲ ಅಲ್ಲ.

ಬುಲಾಬೊಗ್‌ನ ಹೊರಗೆ ಹವಳದ ದಿಬ್ಬ ಇರುವುದರಿಂದ ದೊಡ್ಡ ಅಲೆ ಅಲ್ಲೇ ಒಡೆದು ಒಳಗಿನ ನೀರು ಸಮವಾಗಿರುತ್ತದೆ. ಉಬ್ಬರ ಇಳಿದಾಗ ಸೊಂಟದವರೆಗೂ ನೀರಿರುವುದಿಲ್ಲ, ತಳದಲ್ಲಿ ಮುಳ್ಳುಚೆಂಡಿನಂಥ ಕಡಲಜೀವಿಗಳು. ರಬ್ಬರ್ ಬೂಟು ಹಾಕದೆ ಇಳಿಯಬಾರದು. ಉಬ್ಬರ ಏರಿದಾಗ ಮರಳೇ ಉಳಿಯುವುದಿಲ್ಲ, ಬೆನ್ನ ಹಿಂದೆ ಮರ, ಕಟ್ಟಡ. ಹೀಗಾಗಿ ದಿನವೂ ಬೆಳಗ್ಗೆ ಮೊದಲು ನೋಡಬೇಕಾದ್ದು ಉಬ್ಬರವಿಳಿತದ ಪಟ್ಟಿ, ಗಾಳಿಯ ಮುನ್ಸೂಚನೆ ಆಮೇಲೆ.

ಪಟದ ಅಳತೆಗೆ ಒಂದು ಒರಟು ಲೆಕ್ಕ: ನಿಮ್ಮ ತೂಕವನ್ನು 2.2ರಿಂದ ಗುಣಿಸಿ ಗಾಳಿಯ ನಾಟ್‌ನಿಂದ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಭಾಗಿಸಿ. 70 ಕೆ.ಜಿ.ಯವರಿಗೆ 18 ನಾಟ್‌ನಲ್ಲಿ 9 ಚದರ ಮೀಟರ್ ಪಟ, 14 ನಾಟ್‌ನಲ್ಲಿ 11. ಕಲಿಯುವಾಗ ಒಂದು ಅಳತೆ ಚಿಕ್ಕದೇ ಇರಲಿ. ಹಲಗೆ ಮಾತ್ರ ದೊಡ್ಡದು, 140 ಸೆ.ಮೀ. ಸುಮಾರು. ವಿಮಾನದ ಲಗೇಜು ಲೆಕ್ಕ ಹಾಕಿ ನಾನು ಒಯ್ದದ್ದು ಪಟದ ಎಳೆತವನ್ನು ಮೈಗೆ ತೆಗೆದುಕೊಳ್ಳುವ ಸೊಂಟದ ಪಟ್ಟಿ, ಅಂದರೆ ಹಾರ್ನೆಸ್ ಮಾತ್ರ. ಉಳಿದದ್ದು ಅಲ್ಲೇ ಬಾಡಿಗೆಗೆ.

ನೀರಿನ ಪಟದ ಮುಂಭಾಗದ ಕೊಳವೆಗೆ ಪಂಪಿನಿಂದ 6–8 ಪಿಎಸ್‌ಐ ಗಾಳಿ ತುಂಬಬೇಕು. ಬೆರಳಿನಿಂದ ತಟ್ಟಿದರೆ ಟಣ್ ಅನ್ನಬೇಕು. ಮೆತ್ತಗಿದ್ದರೆ ಜೋರು ಗಾಳಿಗೆ ನಡುವೆ ಮಡಚಿಕೊಳ್ಳುತ್ತದೆ, ನೀರಿಗೆ ಬಿದ್ದಮೇಲೆ ಏಳುವುದಿಲ್ಲ. ಲೈನುಗಳನ್ನು ಪಟದಿಂದ ಬಾರ್‌ವರೆಗೆ ಒಂದೊಂದಾಗಿ ಬೆರಳ ಸಂದಿಯಲ್ಲಿ ಹಾಯಿಸಿಕೊಂಡು ನಡೆದು ನೋಡಬೇಕು. ಒಂದು ಹಿಂಬದಿ ಲೈನು ಮುಂಬದಿಯ ಸುತ್ತ ಒಮ್ಮೆ ಸುತ್ತಿದ್ದರೂ ಪಟ ಏಳುತ್ತಲೇ ಚಕ್ರದಂತೆ ಗಿರಗಿರ ತಿರುಗಿ ನಿಮ್ಮನ್ನು ಎಳೆದೊಯ್ಯುತ್ತದೆ. ದಡದ ಅಪಘಾತಗಳಿಗೆ ಇದೊಂದು ದೊಡ್ಡ ಕಾರಣ, ಇದಕ್ಕೆ ಬೇಕಾದ್ದು ಎರಡೇ ನಿಮಿಷ.

ಏರಿಸುವಾಗ ಹಿಡಿದವರಿಗೆ ಹೆಬ್ಬೆರಳು ಎತ್ತಿ ತೋರಿಸಿ, ನೀರಿನ ಕಡೆಯಿಂದ ನಿಧಾನಕ್ಕೆ ಎತ್ತಬೇಕು. ಇಳಿಸಬೇಕಾದರೆ ನೆತ್ತಿಯ ಮೇಲೆ ಕೈ ತಟ್ಟಿಕೊಳ್ಳುವುದು ಸಂಜ್ಞೆ. ದಡದಲ್ಲಿ ಪಟವನ್ನು 12ರಲ್ಲಿ ನಿಲ್ಲಿಸಿಕೊಂಡು ಹರಟೆ ಹೊಡೆಯುವವರನ್ನು ಕಂಡರೆ ನಾನು ದೂರ ಸರಿಯುತ್ತೇನೆ. ಒಂದು ಬಿರುಸು ಬಂದರೆ ಅದು ಮನುಷ್ಯನನ್ನೇ ಎತ್ತುತ್ತದೆ. ಗಾಬರಿಯಾದಾಗ ಕೈ ತಾನಾಗಿ ಬಾರನ್ನು ಎದೆಗೆ ಎಳೆದುಕೊಳ್ಳುತ್ತದೆ, ಎಳೆದರೆ ಬಲ ಇನ್ನೂ ಏರುತ್ತದೆ. ಬಿಟ್ಟರೆ ಇಳಿಯುತ್ತದೆ. ಅದೂ ಸಾಲದಿದ್ದರೆ ಹಾರ್ನೆಸ್ ಎದುರಿನ ಕೆಂಪು ಬಿಡುಗಡೆಯನ್ನು ಮುಂದಕ್ಕೆ ತಳ್ಳಬೇಕು, ಕೊನೆಗೆ ಪಟವನ್ನು ಹಾರ್ನೆಸ್‌ಗೆ ಕಟ್ಟಿರುವ ಹಗ್ಗವಾದ ಲೀಶ್ ಕಳಚಬೇಕು. ಈ ಮೂರನ್ನೂ ಒಣ ಮರಳಿನಲ್ಲಿ ಕಣ್ಣು ಮುಚ್ಚಿ ಮಾಡಿ ನೋಡಿ.

ನೀರಿಗಿಳಿದ ಮೇಲೆ ಹಲಗೆ ತಕ್ಷಣ ಬೇಡ. ಪಟವನ್ನು 10 ಅಥವಾ 2ರಲ್ಲಿ ಇಟ್ಟು, ಒಂದು ಕೈ ಬಾರ್‌ನ ನಡುವೆ, ಇನ್ನೊಂದನ್ನು ಸಾಗುವ ದಿಕ್ಕಿಗೆ ನೀರಿನಲ್ಲಿ ಚಾಚಿ, ಮೈಯನ್ನು ಪಕ್ಕಕ್ಕೆ ಹೊರಳಿಸಿದರೆ ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗಬಹುದು. ಕೈಬಿಟ್ಟ ಹಲಗೆ ಗಾಳಿಯ ಮೇಲ್ಗಡೆ, ಅಂದರೆ ಗಾಳಿ ಬರುವ ಕಡೆ ಉಳಿಯುತ್ತದೆ, ಅದನ್ನು ಮರಳಿ ಪಡೆಯಲು ಇದೊಂದೇ ದಾರಿ. ಹಲಗೆಯನ್ನು ಕಾಲಿಗೆ ಹಗ್ಗದಿಂದ ಕಟ್ಟಿಕೊಂಡರೆ ಅದು ಚಿಮ್ಮಿ ತಲೆಗೇ ಬಡಿಯುತ್ತದೆ.

ಎದ್ದು ನಿಲ್ಲುವುದು ಹೀಗೆ: ಬಲಕ್ಕೆ ಹೋಗಬೇಕಾದರೆ ಪಟವನ್ನು 11ಕ್ಕೆ ತಂದು ಅಲ್ಲಿಂದ ದೃಢವಾಗಿ 1–2ರ ಕಡೆ ಇಳಿಸಿ. ಹಿಂಗಾಲು ಮಡಚಿ, ಮುಂಗಾಲು ನೇರವಾಗಿ ಚಾಚಿ, ಹಲಗೆಯ ಮೂತಿ ಪಟದ ಕಡೆಗೆ. ಮೊದಲ ಹತ್ತು ಸಲ ಮುಂದಕ್ಕೆ ಮುಗ್ಗರಿಸುತ್ತೀರಿ. ಹಲಗೆ ಗಾಳಿಗೆ ಅಡ್ಡವಾಗಿದ್ದರೆ ಹಾಗಾಗುತ್ತದೆ. ಆಮೇಲಿನ ಹತ್ತು ಸಲ ಎದ್ದು ಕೂಡಲೇ ಮುಳುಗುತ್ತೀರಿ. ಅದು ಪಟವನ್ನು ಮತ್ತೆ ಎರಡನೇ ಸಲ ಇಳಿಸದೆ ಸುಮ್ಮನೆ ನಿಲ್ಲಿಸಿದ್ದರಿಂದ.

ಜನವರಿಯಲ್ಲಿ ಬುಲಾಬೊಗ್ ಅಂದರೆ ದಸರಾ ಸಂಜೆಯ ಸಯ್ಯಾಜಿರಾವ್ ರಸ್ತೆ. ಬಲಗೈ ಮುಂದಾಗಿ ಬರುವವರಿಗೆ ದಾರಿ ಬಿಡಬೇಕು. ದಡದಿಂದ ಹೊರಡುವವರು ಮೊದಲು, ಮರಳುವವರು ಆಮೇಲೆ. ಇಬ್ಬರು ದಾಟುವಾಗ ಗಾಳಿಯ ಮೇಲ್ಗಡೆಯವರ ಪಟ ಎತ್ತರದಲ್ಲಿ, ಕೆಳಗಡೆಯವರದು ತಗ್ಗಿನಲ್ಲಿ. ಲೈನು 20–24 ಮೀಟರ್, ಆದ್ದರಿಂದ ಗಾಳಿ ಹೋಗುವ ಕಡೆ 50 ಮೀಟರ್ ಖಾಲಿ ಇಲ್ಲದೆ ನಾನು ಹೊರಡುವುದಿಲ್ಲ. ಬೆಳಗ್ಗೆ ಬೇಗ ಇಳಿದರೆ ಜನ ಕಡಿಮೆ.

ಈ ಗದ್ದಲವೇ ಬೇಡವೆನ್ನುವವರಿಗೆ ಹಲಗೆಗೇ ಹಾಯಿ ಹೂಡಿ ಸಾಗುವ ವಿಂಡ್‌ಸರ್ಫಿಂಗ್ ಒಳ್ಳೆಯದು. ಲೈನು ಸಿಕ್ಕಿಕೊಳ್ಳುವ ಮಾತೇ ಇಲ್ಲ. 200 ಲೀಟರ್‌ನ ಅಗಲ ಹಲಗೆ, 4 ಚದರ ಮೀಟರ್ ಹಾಯಿ, 8–12 ನಾಟ್ ಗಾಳಿ ಸಾಕು. ಹಾಯಿಮರದ ಎರಡು ಬದಿಗೆ ಕಾಲಿಟ್ಟು, ಗಾಳಿಗೆ ಬೆನ್ನು ಹಾಕಿ, ನೀರಿನಲ್ಲಿ ಬಿದ್ದ ಹಾಯಿಯನ್ನು ಹಗ್ಗ ಹಿಡಿದು ಕಾಲಿನ ಬಲದಿಂದ ಎತ್ತಬೇಕು. ಬೆನ್ನಿನಿಂದ ಎತ್ತಿದವರು ಮರುದಿನ ಏಳುವುದಿಲ್ಲ. ಹಾಯಿಮರ ಮುಂದಕ್ಕೆ ವಾಲಿಸಿದರೆ ಹಲಗೆ ಗಾಳಿಯ ಜೊತೆ ತಿರುಗುತ್ತದೆ, ಹಿಂದಕ್ಕಾದರೆ ಎದುರಿಗೆ. ಮೊದಲ ದಿನವೇ ಸಾಗುತ್ತೀರಿ, ಆದರೆ ವೇಗವಾಗಿ ಜಾರುವ ಹಂತಕ್ಕೆ ತಿಂಗಳುಗಟ್ಟಲೆ ಬೇಕು. ಪಟದ್ದು ಇದಕ್ಕೆ ಉಲ್ಟಾ: ಮೊದಲ ನಾಲ್ಕು ದಿನ ನರಳಾಟ, ಆಮೇಲೆ ಬೇಗ. ಐದೇ ದಿನ ಇದ್ದರೆ ಎರಡನ್ನೂ ಮುಟ್ಟಬೇಡಿ, ಒಂದನ್ನು ಹಿಡಿಯಿರಿ.

ವಾಪಸ್ ಬಂದಮೇಲೆ ಹಾರ್ನೆಸ್ಸನ್ನು ಎರಡು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಉಪ್ಪು ಕೂತ ಕೊಕ್ಕೆ ತುಕ್ಕು ಹಿಡಿಯುತ್ತದೆ, ಮಳೆಗಾಲದ ಬೀರುವಿನಲ್ಲಿ ಬಟ್ಟೆಗೆ ಬೂಷ್ಟು ಬರುತ್ತದೆ.