ಟೈಟಾನಿಯಂ ಕತ್ತರಿಸುವ ಬಲದ ಲೆಕ್ಕ: ಚಿಪ್ಪನ್ನೇ ಸಾಕ್ಷಿಯಾಗಿಟ್ಟುಕೊಂಡ ನನ್ನ ಅನುಭವ

ಗ್ರೇಡ್ 5 ಟೈಟಾನಿಯಂ, ಅಂದರೆ ಶೇ. 6 ಅಲ್ಯೂಮಿನಿಯಂ ಮತ್ತು ಶೇ. 4 ವನೇಡಿಯಂ ಬೆರೆತ ಮಿಶ್ರಲೋಹವನ್ನು ಕತ್ತರಿಸುವಾಗ ಬರುವ ಬಲವನ್ನು ಮುಂಚಿತವಾಗಿ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯನ್ನು (ಸಿಮ್ಯುಲೇಶನ್) ಕಟ್ಟಲು ಹೊರಟಾಗ, ಬಲದ ಅಂಕಿ ಹೊಂದಿದ ಮಾತ್ರಕ್ಕೆ ಅದನ್ನು ಒಪ್ಪಬಾರದೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ಲೋಹದ ಗಟ್ಟಿತನವನ್ನು ತುಸು ಕಡಿಮೆ, ಘರ್ಷಣೆಯನ್ನು ತುಸು ಹೆಚ್ಚು ಹಿಡಿದರೂ ಮುಖ್ಯ ಬಲ ಸರಿಯಾಗಿಯೇ ಬಂದುಬಿಡುತ್ತದೆ. ಆದರೆ ಆಗ ಚಿಪ್ಪಿನ, ಅಂದರೆ ಕತ್ತರಿಸುವಾಗ ಕಳಚಿ ಬರುವ ಲೋಹದ ಸುರುಳಿಯ, ಆಕಾರ ತಪ್ಪಾಗಿರುತ್ತದೆ.

ಪ್ರಯೋಗವನ್ನು ಸರಳವಾಗಿಟ್ಟುಕೊಂಡೆ. ತೆಳು ಗೋಡೆಯ ಕೊಳವೆಯ ತುದಿಯನ್ನು ಲೇತಿನಲ್ಲಿ, ಲೇಪನವಿಲ್ಲದ ನೇರ ಅಂಚಿನ ಕಾರ್ಬೈಡ್ ಉಪಕರಣದಿಂದ ಕತ್ತರಿಸಿ, ಪ್ರತಿ ಫೀಡಿಗೂ (ಒಂದು ಸುತ್ತಿಗೆ ಉಪಕರಣ ಮುಂದೆ ಸರಿಯುವ ದೂರ) ಬಲವನ್ನು ಡೈನಮೋಮೀಟರಿನಲ್ಲಿ, ಅಂದರೆ ಬಲ ಅಳೆಯುವ ಸಾಧನದಲ್ಲಿ, ದಾಖಲಿಸಿದೆ. ಫೀಡಿನ ಎದುರು ಬಲವನ್ನು ಗುರುತಿಸಿದಾಗ ಸಿಗುವ ಗೆರೆಯನ್ನು ಫೀಡ್ ಸೊನ್ನೆಯಾಗುವವರೆಗೆ ಹಿಂದಕ್ಕೆ ಎಳೆದರೂ ಬಲ ಸೊನ್ನೆಯಾಗುವುದಿಲ್ಲ. ಉಳಿಯುವ ಆ ಪಾಲು ಚಿಪ್ಪನ್ನು ಕತ್ತರಿಸಲು ಖರ್ಚಾದದ್ದಲ್ಲ, ಉಪಕರಣದ ಅಂಚು ಲೋಹವನ್ನು ಉಜ್ಜಿದ್ದರ ಫಲ. ಇದನ್ನು ಬೇರ್ಪಡಿಸದೆ ಘರ್ಷಣಾಂಕ ಲೆಕ್ಕ ಹಾಕುವುದನ್ನು ನಾನು ಒಪ್ಪುವುದಿಲ್ಲ.

ನಿಜವಾದ ಮಾಹಿತಿ ಸಿಕ್ಕಿದ್ದು ಚಿಪ್ಪಿನಲ್ಲಿ. ಅದನ್ನು ರಾಳದಲ್ಲಿ ನಿಲ್ಲಿಸಿ, ಉಜ್ಜಿ ಹೊಳಪು ಮಾಡಿ, ಕ್ರಾಲ್ ಎಂಬ ಆಮ್ಲ ದ್ರಾವಣದಿಂದ ಎಚ್ ಮಾಡಿ (ಕಣರಚನೆ ಕಾಣುವಂತೆ ಮೇಲ್ಮೈಯನ್ನು ತುಸು ಕೊರೆಸಿ) ಸೂಕ್ಷ್ಮದರ್ಶಕದಡಿ ಇಟ್ಟರೆ ಗರಗಸದಂಥ ಹಲ್ಲುಗಳ ಸಾಲು ಕಾಣುತ್ತದೆ. (ಈ ದ್ರಾವಣದಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿದೆ; ಸೂಕ್ತ ಕೈಗವಸು ಮತ್ತು ಹೊಗೆ ಸೆಳೆಯುವ ವ್ಯವಸ್ಥೆಯಿಲ್ಲದೆ ಮುಟ್ಟಲೇಬಾರದು.) ಹಲ್ಲಿನ ಒಳಗೆ ಲೋಹದ ಕಣರಚನೆ ಹೆಚ್ಚುಕಡಿಮೆ ಮೊದಲಿನಂತೆಯೇ ಇದ್ದರೆ, ಎರಡು ಹಲ್ಲುಗಳ ನಡುವಿನ ಕೆಲವೇ ಮೈಕ್ರಾನ್ ಅಗಲದ ಪಟ್ಟಿಯಲ್ಲಿ ಅದು ಗುರುತು ಸಿಗದಷ್ಟು ಜಗ್ಗಿ ಹೋಗಿರುತ್ತದೆ. ಈ ಲೋಹದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 7 ವ್ಯಾಟ್ ಮಾತ್ರ. ಸಾದಾ ಕಾರ್ಬನ್ ಉಕ್ಕಿನದು 50ರ ಆಸುಪಾಸು. ಶಾಖ ಹರಿದುಹೋಗಲು ದಾರಿಯಿಲ್ಲದೆ ಆ ಪಟ್ಟಿ ಮೆತ್ತಗಾಗುತ್ತದೆ, ಮೆತ್ತಗಾದಲ್ಲೇ ಮತ್ತಷ್ಟು ಜಾರುತ್ತದೆ.

ಹಲ್ಲಿನ ಅಂತರದಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ನಿಮಿಷಕ್ಕೆ 60 ಮೀಟರ್ ವೇಗದಲ್ಲಿ, ಕತ್ತರಿಸಿದ ಪ್ರತಿ 0.1 ಮಿ.ಮೀ. ಉದ್ದಕ್ಕೊಂದು ಹಲ್ಲು ಹುಟ್ಟಿದರೆ, ಸೆಕೆಂಡಿಗೆ 10,000 ಹಲ್ಲುಗಳಾಗುತ್ತವೆ. ಉಪಕರಣದ ಮೇಲಿನ ಬಲವೂ ಅಷ್ಟೇ ಬಾರಿ ಏರಿಳಿಯುತ್ತದೆ. ಸಾಮಾನ್ಯ ಡೈನಮೋಮೀಟರಿನ ಸ್ವಾಭಾವಿಕ ಕಂಪನ ಕೆಲವೇ ಕಿಲೋಹರ್ಟ್ಸ್ (ಸೆಕೆಂಡಿಗೆ ಕೆಲವು ಸಾವಿರ ಬಾರಿ) ಆದ್ದರಿಂದ ಅದು ಕೊಡುವುದು ಸರಾಸರಿಯನ್ನಷ್ಟೇ. ಆದಕಾರಣ ಸಿಮ್ಯುಲೇಶನ್ನಿನ ಏರಿಳಿತವನ್ನು ಡೈನಮೋಮೀಟರಿನ ಅಲೆಗೆ ಹೋಲಿಸದೆ, ಸರಾಸರಿಯನ್ನು ಸರಾಸರಿಗೆ, ಏರಿಳಿತದ ಆವರ್ತನವನ್ನು ಚಿಪ್ಪಿನ ಹಲ್ಲಿಗೆ ಹೋಲಿಸಿದೆ.

ಲೋಹದ ವರ್ತನೆಗೆ ಜಾನ್ಸನ್-ಕುಕ್ ಸಮೀಕರಣವನ್ನೇ ಬಳಸಿದೆ; ಎಷ್ಟು ಬಾಗಿದೆ, ಎಷ್ಟು ವೇಗವಾಗಿ, ಎಷ್ಟು ಬಿಸಿಯಾಗಿದೆ ಎಂಬುದರ ಮೇಲೆ ಲೋಹದ ಬಲವನ್ನು ಹೇಳುವ ಸೂತ್ರವಿದು. ಇದೇ ಮಿಶ್ರಲೋಹಕ್ಕೆ ಪ್ರಕಟವಾದ ಸ್ಥಿರಾಂಕಗಳಲ್ಲಿ ಮೊದಲನೆಯದು ಒಂದೆಡೆ 782.7, ಇನ್ನೊಂದೆಡೆ 862, ಮತ್ತೊಂದೆಡೆ 1098 ಮೆಗಾಪಾಸ್ಕಲ್ ಎಂದಿರುವುದರಿಂದ, ಒಂದು ಗುಂಪನ್ನು ಕಣ್ಣುಮುಚ್ಚಿ ಆರಿಸದೆ ಎಲ್ಲವನ್ನೂ ಓಡಿಸಿ, ಹಲ್ಲಿನ ಎತ್ತರ, ಕಣಿವೆ, ಅಂತರ ಮೂರೂ ಹತ್ತಿರ ಬಂದದ್ದನ್ನು ಇಟ್ಟುಕೊಂಡೆ. ಹಲ್ಲುಗಳ ನಡುವಿನ ಜಾರುಪಟ್ಟಿಯ ಅಗಲಕ್ಕಿಂತ ಮೆಶ್ (ಲೆಕ್ಕಕ್ಕಾಗಿ ಲೋಹವನ್ನು ಭಾಗಿಸುವ ಚೌಕಗಳ ಜಾಲ) ದಪ್ಪವಿದ್ದರೆ ಈ ಹೋಲಿಕೆಗೆ ಅರ್ಥವೇ ಇಲ್ಲ.

ಫೀಡ್ ದಿಕ್ಕಿನ ಬಲ ಮಾತ್ರ ಲೆಕ್ಕದಲ್ಲಿ ಕಡಿಮೆಯೇ ಬರುತ್ತಿತ್ತು. ಅಂಚನ್ನು ಚೂಪಾದ ಮೂಲೆಯಾಗಿ ಬಿಡಿಸದೆ, ಅಳೆದ ದುಂಡುತನದೊಂದಿಗೆ ಬಿಡಿಸಿದ ಮೇಲೆ ಅಂತರ ಬಹುಪಾಲು ಕಿರಿದಾಯಿತು. ಸವೆತ ಹೆಚ್ಚಿದಂತೆ ಈ ಬಲವೇ ಮೊದಲು ಬೆಳೆಯುವುದರಿಂದ, ನನ್ನ ಅಂಕಿಗಳನ್ನು ಯಾರಿಗೆ ಕೊಟ್ಟರೂ ಅವು ಹೊಸ ಅಂಚಿಗೆ ಮಾತ್ರ ಅನ್ವಯಿಸುತ್ತವೆ ಎಂದು ಜೊತೆಯಲ್ಲೇ ಬರೆದು ಕೊಡುತ್ತೇನೆ.